ಮೂಳೆ ಪರೀಕ್ಷೆಯ ಫಾರಂನಲ್ಲಿ ನಿದ್ದೆಯ ಪ್ರಶ್ನೆಯೇ ಇಲ್ಲ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಿಮ್ಮ ಆರೋಗ್ಯ ಪುಟದಲ್ಲಿ ಮೂಳೆ ಸವೆತದ ಬಗ್ಗೆ ಬಂದ ಲೇಖನ ಓದಿದೆ. ಕ್ಯಾಲ್ಸಿಯಂ ಬೇಕು, ಬಿಸಿಲು ಬೇಕು, ದಿನಾ ನಡೆಯಬೇಕು, ಸಿಗರೇಟು ಬಿಡಬೇಕು, ಮುಟ್ಟು ನಿಂತ ಹೆಂಗಸರು ಮೂಳೆ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಬೇಕು ಎಂದೆಲ್ಲ ಬರೆದಿದ್ದರು. ಎಲ್ಲವೂ ಸರಿಯಾದ ಮಾತು. ಆದರೆ ಎರಡು ಸಲ ಹುಡುಕಿದರೂ ನಿದ್ದೆ ಅನ್ನುವ ಪದ ಅದರಲ್ಲಿ ಸಿಗಲಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗಿದೆ. ಸಾಧ್ಯವಾದರೆ ಕತ್ತರಿಸದೆ ಹಾಕಿ.

ನನಗೀಗ 52 ವರ್ಷ. ಎಕ್ಸ್‌ರೇ ಟೆಕ್ನಿಷಿಯನ್. ಮೂಳೆ ಎಷ್ಟು ಗಟ್ಟಿ ಇದೆ ಎಂದು ಅಳೆಯುವ ಡೆಕ್ಸಾ ಯಂತ್ರವನ್ನು 13 ವರ್ಷಗಳಿಂದ ನಡೆಸುತ್ತಿದ್ದೇನೆ. ಅದಕ್ಕೂ ಮೊದಲು 16 ವರ್ಷ ಎಕ್ಸ್‌ರೇ ರೂಮಿನಲ್ಲಿದ್ದೆ. ಅದರಲ್ಲಿ ಜಾಸ್ತಿ ಪಾಲು ನೈಟ್ ಡ್ಯೂಟಿ.

ಡೆಕ್ಸಾ ಪರೀಕ್ಷೆಗೆ ಸೂಜಿ ಇಲ್ಲ, ನೋವಿಲ್ಲ. ಮೆತ್ತನೆಯ ಮೇಜಿನ ಮೇಲೆ ಅಂಗಾತ ಮಲಗಿಸುತ್ತೇನೆ. ಕಾಲುಗಳ ಕೆಳಗೆ ಚೌಕದ ದೊಡ್ಡ ಸ್ಪಂಜು ಇಟ್ಟು ಮೇಲಕ್ಕೆತ್ತುತ್ತೇನೆ. ಹಾಗೆ ಮಾಡಿದರೆ ಬೆನ್ನಿನ ಕೆಳಭಾಗ ಮೇಜಿಗೆ ಚಪ್ಪಟೆಯಾಗಿ ತಾಗುತ್ತದೆ, ಬೆನ್ನುಮೂಳೆಯ ಚಿತ್ರ ಸ್ಪಷ್ಟವಾಗಿ ಬರುತ್ತದೆ. ಆಮೇಲೆ ಸೊಂಟದ ಹತ್ತಿರದ ತೊಡೆಮೂಳೆಗೆ ಪಾದವನ್ನು ಸ್ವಲ್ಪ ಒಳಕ್ಕೆ ತಿರುಗಿಸಿ ಪಟ್ಟಿ ಹಾಕುತ್ತೇನೆ. ಯಂತ್ರದ ತೋಳು ಮೈಮೇಲೆ ನಿಧಾನಕ್ಕೆ ಅತ್ತಿಂದಿತ್ತ ಹೋಗುತ್ತದೆ. ಸಣ್ಣಗೆ ಗುಂಯ್ ಅನ್ನುವ ಸದ್ದು. ಎಲ್ಲ ಸೇರಿ ಹತ್ತು ಹದಿನೈದು ನಿಮಿಷ. ಅಲುಗಬಾರದು, ಅಷ್ಟೇ.

ಆ ಹತ್ತು ನಿಮಿಷದಲ್ಲಿ ಕೆಲವರು ನಿದ್ದೆ ಹೋಗುತ್ತಾರೆ. ಮಂಪರಲ್ಲ, ಗೊರಕೆ ಬರುವಷ್ಟು ಗಾಢ ನಿದ್ದೆ. ಗುರುತಿಲ್ಲದ ಜಾಗ, ತಣ್ಣನೆಯ ರೂಮು, ತಲೆ ಮೇಲೆ ಯಂತ್ರ. ಆದರೂ ಕಣ್ಣು ಮುಚ್ಚಿದ ಕೂಡಲೇ ಹೋಗಿಬಿಡುತ್ತಾರೆ. ನಿದ್ದೆಯಲ್ಲಿ ಕಾಲು ಜಗ್ಗಿದರೆ ಚಿತ್ರ ಕೆಡುತ್ತದೆ, ಇನ್ನೊಮ್ಮೆ ತೆಗೆಯಬೇಕಾಗುತ್ತದೆ. ಮೊದಮೊದಲು ಭುಜ ತಟ್ಟಿ ಎಬ್ಬಿಸಿ ಸುಮ್ಮನಾಗುತ್ತಿದ್ದೆ. ಆಮೇಲಾಮೇಲೆ ಕೇಳತೊಡಗಿದೆ: ರಾತ್ರಿ ಎಷ್ಟು ಹೊತ್ತು ಮಲಗುತ್ತೀರಿ?

ಒಬ್ಬರ ಉತ್ತರ ಇನ್ನೂ ಕಿವಿಯಲ್ಲಿದೆ. ಅರವತ್ತರ ಹತ್ತಿರದ ಹೆಂಗಸು. ಗಂಡನಿಗೆ ಲಕ್ವ ಹೊಡೆದು ಹಾಸಿಗೆ ಹಿಡಿದು 4 ವರ್ಷ ಆಗಿತ್ತು. ಬೆನ್ನಿಗೆ ಹುಣ್ಣಾಗಬಾರದು ಅಂತ 2 ಗಂಟೆಗೊಮ್ಮೆ ಮಗ್ಗುಲು ತಿರುಗಿಸಬೇಕು. ರಾತ್ರಿಯೂ ಅಷ್ಟೇ. ಫೋನಿನಲ್ಲಿ ಅಲಾರಂ ಇಟ್ಟುಕೊಂಡಿದ್ದರು. 11ಕ್ಕೆ ಒಂದು, 1ಕ್ಕೆ ಒಂದು, 3ಕ್ಕೆ, 5ಕ್ಕೆ. ನನ್ನ ಮೇಜಿನ ಮೇಲೆ ಮಲಗಿ ಎರಡನೇ ನಿಮಿಷಕ್ಕೇ ನಿದ್ದೆ ಹೋಗಿದ್ದರು. ಎಬ್ಬಿಸಿದಾಗ ಗಾಬರಿಯಾಗಿ "ತಿರುಗಿಸಬೇಕಾ?" ಅಂದರು. ಎಲ್ಲಿದ್ದೇವೆ ಅನ್ನುವುದು ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. ನಿದ್ದೆಯ ಬಗ್ಗೆ ಕೇಳಿದೆ. "ನನ್ನ ನಿದ್ದೆ ಬಗ್ಗೆ ಇದುವರೆಗೆ ಯಾರೂ ಕೇಳಿರಲಿಲ್ಲ ಮೇಡಂ. ಮೂಳೆಗೂ ಅದಕ್ಕೂ ಏನು ಸಂಬಂಧ?" ಅಂದರು.

ಸಂಬಂಧ ಇದೆ. ಗೊತ್ತಿರುವಷ್ಟನ್ನು ಹೇಳುತ್ತೇನೆ.

ಮೂಳೆಯನ್ನು ನಾವು ಕಲ್ಲಿನ ಹಾಗೆ ನೋಡುತ್ತೇವೆ. ಒಮ್ಮೆ ಬೆಳೆದರೆ ಮುಗಿಯಿತು, ಕೊನೇತನಕ ಅದೇ ಇರುತ್ತದೆ ಅಂದುಕೊಳ್ಳುತ್ತೇವೆ. ಹಾಗಿಲ್ಲ. ದೊಡ್ಡವರ ಮೈಯಲ್ಲಿ ವರ್ಷಕ್ಕೆ ಸುಮಾರು ಶೇ 10ರಷ್ಟು ಮೂಳೆ ಹೊಸದಾಗುತ್ತದೆ. ಆಸ್ಟಿಯೊಕ್ಲಾಸ್ಟ್ ಎಂಬ ಕೋಶಗಳು ಹಳೆಯ ಮೂಳೆಯನ್ನು ಕೆರೆದು ತೆಗೆಯುತ್ತವೆ. ಆಸ್ಟಿಯೊಬ್ಲಾಸ್ಟ್ ಎಂಬ ಕೋಶಗಳು ಬಂದು ಆ ಗುಳಿಯನ್ನು ತುಂಬುತ್ತವೆ. ಒಂದು ಜಾಗದಲ್ಲಿ ಕೆರೆಯುವ ಕೆಲಸ ಎರಡು ಮೂರು ವಾರದಲ್ಲಿ ಮುಗಿಯುತ್ತದೆ. ತುಂಬಲು ಮೂರು ನಾಲ್ಕು ತಿಂಗಳು ಬೇಕು. ಮನೆ ಕೆಡವುವುದು ಬೇಗ, ಕಟ್ಟುವುದು ನಿಧಾನ ಅಲ್ವಾ, ಹಾಗೆ. ಕಟ್ಟುವವರು ಸ್ವಲ್ಪ ಹಿಂದೆ ಬಿದ್ದರೂ ಲೆಕ್ಕ ತಪ್ಪುತ್ತದೆ. ಒಂದು ದಿನ, ಒಂದು ತಿಂಗಳಲ್ಲಿ ಏನೂ ಕಾಣುವುದಿಲ್ಲ. ವರ್ಷಗಟ್ಟಲೆ ಹಾಗೇ ನಡೆದರೆ ಮೂಳೆ ಒಳಗಿಂದ ಟೊಳ್ಳಾಗುತ್ತದೆ.

ಈ ಕೆಲಸಕ್ಕೆ ಹೊತ್ತು ಗೊತ್ತು ಇದೆ. ಕೆರೆದ ಮೂಳೆಯ ಚೂರುಗಳು ರಕ್ತಕ್ಕೆ ಸೇರುತ್ತವೆ. ಅದನ್ನು ಅಳೆಯುವ ರಕ್ತ ಪರೀಕ್ಷೆಗೆ ಸಿಟಿಎಕ್ಸ್ ಅನ್ನುತ್ತಾರೆ. ಬೆಳಿಗ್ಗೆಯೇ, ಖಾಲಿ ಹೊಟ್ಟೆಯಲ್ಲೇ ಬನ್ನಿ ಎಂದು ಲ್ಯಾಬಿನವರು ಒತ್ತಿ ಹೇಳುತ್ತಾರೆ. ಯಾಕೆಂದರೆ ಅದು ರಾತ್ರಿಯಿಡೀ ಏರಿ, ಬೆಳಗಿನ ಜಾವ ಎಲ್ಲಕ್ಕಿಂತ ಜಾಸ್ತಿ ಇದ್ದು, ಮಧ್ಯಾಹ್ನದ ಹೊತ್ತಿಗೆ ಇಳಿದಿರುತ್ತದೆ. ಅಂದರೆ ಮೂಳೆಗೆ ಹಗಲು ಯಾವುದು, ರಾತ್ರಿ ಯಾವುದು ಅಂತ ಗೊತ್ತು. ರಕ್ತ ತೆಗೆಯುವಾಗ ಗಡಿಯಾರ ನೋಡುವ ನಾವು ಆ ಮನುಷ್ಯ ರಾತ್ರಿ ಮಲಗಿದ್ದನೋ ಇಲ್ಲವೋ ಅಂತ ಮಾತ್ರ ಕೇಳುವುದಿಲ್ಲ.

ಇನ್ನೂ ಇದೆ. ಮೂಳೆ ಕಟ್ಟಲು ನೆರವಾಗುವ ಬೆಳವಣಿಗೆಯ ಹಾರ್ಮೋನಿನ ದೊಡ್ಡ ಅಲೆ ಬರುವುದು ರಾತ್ರಿಯ ಮೊದಲ ಗಾಢ ನಿದ್ದೆಯಲ್ಲಿ. ನಿದ್ದೆಗೆಟ್ಟರೆ ಮರುದಿನ ಸಂಜೆ ಇಳಿಯಬೇಕಾದ ಕಾರ್ಟಿಸಾಲ್ ಎಂಬ ಹಾರ್ಮೋನು ಸರಿಯಾಗಿ ಇಳಿಯುವುದಿಲ್ಲ. ಕಾರ್ಟಿಸಾಲ್ ಅಂದರೆ ನಮ್ಮ ದೇಹವೇ ಮಾಡಿಕೊಳ್ಳುವ ಸ್ಟಿರಾಯ್ಡ್. ಸ್ಟಿರಾಯ್ಡ್ ಮಾತ್ರೆಯನ್ನು ಬಹಳ ದಿನ ನುಂಗಿದರೆ ಮೂಳೆ ತೆಳುವಾಗುತ್ತದೆ ಎಂದು ಎಲ್ಲ ಡಾಕ್ಟರಿಗೂ ಗೊತ್ತು. ನಮ್ಮ ಫಾರಂನಲ್ಲಿ ಅದಕ್ಕೊಂದು ಪ್ರಶ್ನೆಯೂ ಇದೆ. ಮಾತ್ರೆಯಷ್ಟೇ ಕೆಡುಕನ್ನು ನಿದ್ದೆಗೇಡು ಮಾಡುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ಒಂದನ್ನು ಕೇಳಿ ಇನ್ನೊಂದನ್ನು ಬಿಡುವುದು ಸರಿ ಕಾಣುವುದಿಲ್ಲ.

2017ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ವೈದ್ಯೆ ಕ್ರಿಸ್ಟಿನ್ ಸ್ವಾನ್ಸನ್ ಮತ್ತು ಅವರ ಜೊತೆಗಾರರು ಒಂದು ಅಧ್ಯಯನ ಮುಂದಿಟ್ಟರು. ಜನ ಕಡಿಮೆ, 10 ಗಂಡಸರು ಮಾತ್ರ. 6 ಮಂದಿ 20ರಿಂದ 27 ವರ್ಷದವರು, 4 ಮಂದಿ 55ರಿಂದ 65ರವರು. ಮೂರು ವಾರ ಪ್ರಯೋಗಾಲಯದಲ್ಲೇ ಇದ್ದರು. ಪ್ರತಿ ದಿನ ಹಿಂದಿನ ದಿನಕ್ಕಿಂತ 4 ಗಂಟೆ ತಡವಾಗಿ ಮಲಗಬೇಕು. ನಿದ್ದೆಗೆ ಸಿಗುವುದು 24 ಗಂಟೆಗೆ 5.6 ಗಂಟೆಯ ಲೆಕ್ಕದಲ್ಲಿ. ಪಾಳಿ ಬದಲಿಸುತ್ತಾ ಕೆಲಸ ಮಾಡುವವರ ಬಾಳೂ ಹೆಚ್ಚುಕಮ್ಮಿ ಹೀಗೇ. ಊಟವನ್ನು ಮಾತ್ರ ಎಲ್ಲರಿಗೂ ಅಳೆದು ಸರಿಯಾಗಿ ಕೊಟ್ಟರು. ಮೂರು ವಾರದ ಕೊನೆಗೆ ಮೂಳೆ ಕಟ್ಟುವ ಕೆಲಸದ ಗುರುತು ರಕ್ತದಲ್ಲಿ ಇಳಿದಿತ್ತು. ವಯಸ್ಸಾದವರಲ್ಲಿ ಶೇ 18ರಷ್ಟು, ಹುಡುಗರಲ್ಲಿ ಶೇ 27ರಷ್ಟು. ಕೆರೆಯುವ ಕೆಲಸದ ಗುರುತು ಮಾತ್ರ ಇದ್ದ ಹಾಗೇ ಇತ್ತು. ಕೆಡವುವವರು ಎಂದಿನಂತೆ ಬಂದರು, ಕಟ್ಟುವವರಲ್ಲಿ ಕೆಲವರು ರಜೆ ಹಾಕಿದರು ಅಂದುಕೊಳ್ಳಿ.

ಹುಡುಗರಲ್ಲೇ ಜಾಸ್ತಿ ಇಳಿದಿತ್ತು ಅನ್ನುವ ಸಾಲನ್ನು ಓದಿ ನಾನು ಸ್ವಲ್ಪ ಹೊತ್ತು ಪುಟ ತಿರುಗಿಸಲಿಲ್ಲ. ನೈಟ್ ಡ್ಯೂಟಿಗೆ ಸೇರಿದಾಗ ನನಗೆ 23.

ಸತತ 7 ರಾತ್ರಿ ಡ್ಯೂಟಿ, ಆಮೇಲೆ 2 ದಿನ ಆಫ್, ಮತ್ತೆ ಹಗಲು ಪಾಳಿ, ಮತ್ತೆ ರಾತ್ರಿ. ರಾತ್ರಿ 8ರಿಂದ ಬೆಳಿಗ್ಗೆ 8. ಹಾಸಿಗೆಯಿಂದ ಎಬ್ಬಿಸಲಾಗದ ರೋಗಿಗಳಿಗೆ ಎಕ್ಸ್‌ರೇ ಯಂತ್ರವನ್ನೇ ವಾರ್ಡಿಗೆ ತಳ್ಳಿಕೊಂಡು ಹೋಗಬೇಕಿತ್ತು. ರಾತ್ರಿ 3 ಗಂಟೆಗೆ ಖಾಲಿ ಕಾರಿಡಾರಿನಲ್ಲಿ ಅದರ ಒಂದು ಚಕ್ರ ಕಿರ್ ಅನ್ನುತ್ತಿತ್ತು. ಮಲಗಿದವರಿಗೆ ಎಚ್ಚರ ಆಗಬಾರದು ಅಂತ ಆ ಕಡೆಯನ್ನು ಸ್ವಲ್ಪ ಎತ್ತಿ ಹಿಡಿದು ತಳ್ಳುತ್ತಿದ್ದೆ. ಮನೆಗೆ ಬಂದು ಮಲಗುವಾಗ 10 ಗಂಟೆ. ಮಧ್ಯಾಹ್ನ 2ಕ್ಕೆ ಮಗಳು ಶಾಲೆಯಿಂದ ಬರುವ ಹೊತ್ತು. ನಾಲ್ಕು ಗಂಟೆ ನಿದ್ದೆ ಸಿಕ್ಕಿದರೆ ಪುಣ್ಯ. ಪರದೆ ಹಾಕಿದರೂ ಬೆಳಕು ಬರುತ್ತಿತ್ತು. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅನ್ನುತ್ತಾರೆ. ನನಗೆ ದೊಡ್ಡ ಚಿಂತೆ ಏನೂ ಇರಲಿಲ್ಲ. ಹಗಲಲ್ಲಿ ಮಲಗು ಅಂದರೆ ಮೈ ಕೇಳುತ್ತಿರಲಿಲ್ಲ, ಅಷ್ಟೇ. ರಾತ್ರಿ ನಿದ್ದೆ ಮಾಡದವರು ಹಗಲು ಮಾಡಿಕೊಳ್ಳಲಿ ಅನ್ನುವವರಿಗೆ ಇದು ಅರ್ಥವಾಗುವುದಿಲ್ಲ. ದೇಹಕ್ಕೆ ಹಗಲಿನ ನಿದ್ದೆ ಬೇರೆ, ರಾತ್ರಿಯ ನಿದ್ದೆ ಬೇರೆ.

ಹೋದ ವರ್ಷ ಮನೆಯಲ್ಲೇ ಮೆಟ್ಟಿಲ ಕೊನೇ ಹೆಜ್ಜೆ ತಪ್ಪಿತು. ಎತ್ತರದಿಂದ ಬಿದ್ದದ್ದಲ್ಲ. ನಿಂತಲ್ಲೇ ಮುಂದಕ್ಕೆ ವಾಲಿದೆ, ಕೈ ಊರಿದೆ. ಮಣಿಕಟ್ಟು ಮುರಿಯಿತು. ನನ್ನ ಎಕ್ಸ್‌ರೇಯನ್ನು ನಾನೇ ನೋಡಿದೆ. ಅಂಥ ಮುರಿತವನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ನಿಂತಲ್ಲಿಂದ ಬಿದ್ದ ಮಾತ್ರಕ್ಕೆ ಗಟ್ಟಿ ಮೂಳೆ ಸಾಮಾನ್ಯವಾಗಿ ಹೀಗೆ ಮುರಿಯುವುದಿಲ್ಲ ಅನ್ನುವುದೂ ಗೊತ್ತಿತ್ತು. ಹಾಗಾಗಿ ಕೈಗೆ ಪ್ಲಾಸ್ಟರ್ ಹಾಕಿದ ಡಾಕ್ಟರು ಡೆಕ್ಸಾ ಮಾಡಿಸಿ ಅಂದಾಗ ಆಶ್ಚರ್ಯ ಆಗಲಿಲ್ಲ. ಇಷ್ಟು ವರ್ಷ ಬೇರೆಯವರನ್ನು ಮಲಗಿಸಿದ ಮೇಜಿನ ಮೇಲೆ ನಾನು ಮಲಗಿದೆ. ಜೊತೆಯಲ್ಲಿ ಕೆಲಸ ಮಾಡುವ ಹುಡುಗಿ ಕಾಲ ಕೆಳಗೆ ಸ್ಪಂಜು ಇಟ್ಟಳು.

ತೊಡೆಮೂಳೆಯ ಕತ್ತಿನಲ್ಲಿ ಟಿ ಸ್ಕೋರ್ ಮೈನಸ್ 2.1 ಬಂತು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿದರೆ ನಮ್ಮದು ಎಷ್ಟು ಹಿಂದಿದೆ ಎಂದು ತೋರಿಸುವ ಅಂಕಿ ಅದು. ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಗೆರೆ ಹಾಕಿತು. ಮೈನಸ್ 1ರವರೆಗೆ ಸರಿ, ಅಲ್ಲಿಂದ ಮೈನಸ್ 2.5ರ ತನಕ ಮೂಳೆ ತೆಳುವಾಗಿದೆ, ಮೈನಸ್ 2.5 ಅಥವಾ ಅದಕ್ಕೂ ಕೆಳಗೆ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಸವೆತದ ಕಾಯಿಲೆ. ನಾನು ಕೊನೆಯ ಗೆರೆಯ ಹತ್ತಿರವೇ ಇದ್ದೆ, ಜೊತೆಗೆ ಮೂಳೆಯೂ ಮುರಿದಿತ್ತು. ಈಗ ಚಿಕಿತ್ಸೆ ನಡೆಯುತ್ತಿದೆ.

ಅವತ್ತು ಫಾರಂ ತುಂಬುವಾಗ ಆದದ್ದನ್ನು ಹೇಳಲೇಬೇಕು. ತಂದೆ ತಾಯಿಗೆ ಸೊಂಟದ ಮೂಳೆ ಮುರಿದಿತ್ತೇ? ಇಲ್ಲ. ಸಿಗರೇಟು? ಇಲ್ಲ. ಮದ್ಯ? ಇಲ್ಲ. ಸ್ಟಿರಾಯ್ಡ್ ಮಾತ್ರೆ? ಇಲ್ಲ. ಕೀಲುವಾತ? ಇಲ್ಲ. ಹಿಂದೆ ಮೂಳೆ ಮುರಿದಿದೆಯೇ ಅನ್ನುವ ಒಂದಕ್ಕೆ ಮಾತ್ರ ಹೌದು, ಅದೂ ಹೊಸದಾಗಿ. ಇವು ನಮ್ಮ ವಿಭಾಗದವರೇ ಮಾಡಿಕೊಂಡ ಪ್ರಶ್ನೆಗಳಲ್ಲ. ಬ್ರಿಟನ್ನಿನ ಶೆಫೀಲ್ಡ್ ವಿಶ್ವವಿದ್ಯಾಲಯದವರು 2008ರಲ್ಲಿ ತಂದ ಫ್ರಾಕ್ಸ್ ಎಂಬ ಲೆಕ್ಕದಲ್ಲೂ ಇವೇ ಇವೆ. ಮುಂದಿನ 10 ವರ್ಷದಲ್ಲಿ ಮೂಳೆ ಮುರಿಯುವ ಸಾಧ್ಯತೆ ಎಷ್ಟು ಎಂದು ಅದು ಹೇಳುತ್ತದೆ. ಒಳ್ಳೆಯ ಲೆಕ್ಕವೇ, ನಾನೂ ಬಳಸುತ್ತೇನೆ. ಆದರೆ ನನ್ನ 16 ವರ್ಷದ ರಾತ್ರಿಗಳನ್ನು ಬರೆಯಲು ಅದರಲ್ಲಿ ಜಾಗವೇ ಇರಲಿಲ್ಲ.

ನನ್ನ ಮೂಳೆ ನೈಟ್ ಡ್ಯೂಟಿಯಿಂದಲೇ ಹೀಗಾಯಿತು ಎಂದು ಸಾಧಿಸಲು ಹೊರಟಿಲ್ಲ. ಮುಟ್ಟು ನಿಂತು 2 ವರ್ಷ ಆಗಿದೆ, ಅದರ ಪಾಲು ದೊಡ್ಡದು. ಒಬ್ಬಳ ಕಥೆ ಇಟ್ಟುಕೊಂಡು ತೀರ್ಪು ಕೊಡಲು ಬರುವುದಿಲ್ಲ. ಹೆಚ್ಚು ಜನರನ್ನು ನೋಡಿದ ಅಧ್ಯಯನಗಳು ಏನು ಹೇಳುತ್ತವೆ ಅನ್ನುವುದು ಮುಖ್ಯ. ಅಮೆರಿಕದಲ್ಲಿ ಮುಟ್ಟು ನಿಂತ 11,084 ಹೆಂಗಸರ ಮೂಳೆಯನ್ನು ಅಳೆದು, ನಿದ್ದೆಯ ಬಗ್ಗೆ ಕೇಳಿದರು. ಬಫಲೊ ವಿಶ್ವವಿದ್ಯಾಲಯದವರು ಆ ಲೆಕ್ಕವನ್ನು 2019ರಲ್ಲಿ ಪ್ರಕಟಿಸಿದರು. ರಾತ್ರಿ 5 ಗಂಟೆ ಅಥವಾ ಅದಕ್ಕಿಂತ ಕಡಿಮೆ ಮಲಗುವವರ ಮೂಳೆ 7 ಗಂಟೆ ಮಲಗುವವರಿಗಿಂತ ತೆಳುವಾಗಿತ್ತು. ಸೊಂಟದಲ್ಲೂ ಅಷ್ಟೇ, ಬೆನ್ನಲ್ಲೂ ಅಷ್ಟೇ. ಅಂತರ ಸುಮಾರು ಒಂದು ವರ್ಷ ವಯಸ್ಸು ಜಾಸ್ತಿಯಾದಷ್ಟು. ಒಂದೇ ವರ್ಷವಾ ಅನ್ನಬೇಡಿ. ಅದೇ ಅಧ್ಯಯನದಲ್ಲಿ ಕಡಿಮೆ ಮಲಗುವವರಿಗೆ ಸೊಂಟದ ಆಸ್ಟಿಯೊಪೊರೋಸಿಸ್ ಇರುವ ಸಾಧ್ಯತೆ ಶೇ 63ರಷ್ಟು ಹೆಚ್ಚಿತ್ತು. ಇಂಥ ಅಧ್ಯಯನ ಎರಡು ಸಂಗತಿ ಜೊತೆಗೆ ಇವೆ ಎಂದು ತೋರಿಸುತ್ತದೆ, ಒಂದರಿಂದಲೇ ಇನ್ನೊಂದು ಬಂತು ಎಂದು ತೋರಿಸುವುದಿಲ್ಲ. ಅದನ್ನು ಒಪ್ಪುತ್ತೇನೆ. ಆದರೆ ಜೊತೆಗಿದೆ ಎಂದು ಗೊತ್ತಿದ್ದರೆ ಕೇಳುವುದಕ್ಕೆ ಅಷ್ಟು ಸಾಕಲ್ವಾ?

ನೈಟ್ ಡ್ಯೂಟಿಯ ಬಗ್ಗೆಯೂ ಇದೆ. ಅಮೆರಿಕದ ನರ್ಸ್‌ಗಳನ್ನು ವರ್ಷಗಟ್ಟಲೆ ಗಮನಿಸುತ್ತಿರುವ ದೊಡ್ಡ ಅಧ್ಯಯನದಿಂದ 2009ರಲ್ಲಿ ಬಂದ ವರದಿ. 20 ವರ್ಷ ಅಥವಾ ಹೆಚ್ಚು ಕಾಲ ಆಗಾಗ ರಾತ್ರಿ ಪಾಳಿ ಮಾಡಿದವರಲ್ಲಿ ಮಣಿಕಟ್ಟು ಮತ್ತು ಸೊಂಟದ ಮೂಳೆ ಮುರಿಯುವ ಸಾಧ್ಯತೆ ಶೇ 37ರಷ್ಟು ಜಾಸ್ತಿ. ನನ್ನಕ್ಕ ನರ್ಸ್. ನಿವೃತ್ತಿಯ ತನಕ ರಾತ್ರಿ ಪಾಳಿ ಬಿಟ್ಟವಳಲ್ಲ. ಈ ವರದಿ ಓದಿದ ದಿನವೇ ಅವಳಿಗೆ ಫೋನ್ ಮಾಡಿ ಕರೆಸಿಕೊಂಡೆ.

ಇನ್ನೊಂದು ವಿಷಯ ಬೀಳುವುದು. ಮೂಳೆ ತೆಳುವಾಗಿದ್ದರೂ ಬೀಳದಿದ್ದರೆ ಎಷ್ಟೋ ಜನರಿಗೆ ಅದು ಮುರಿಯುವುದಿಲ್ಲ. ನಿದ್ದೆ ಸಾಲದವರ ಕಾಲು ತಡವರಿಸುತ್ತದೆ, ಕಣ್ಣು ಮೆಟ್ಟಿಲನ್ನು ಸರಿಯಾಗಿ ಅಂದಾಜು ಮಾಡುವುದಿಲ್ಲ. ಹಾಗಂತ ನಿದ್ದೆ ಮಾತ್ರೆಗೆ ಕೈ ಹಾಕಿದರೆ ಅದೂ ಅಪಾಯ. ವಯಸ್ಸಾದವರು ನಿದ್ದೆ ಮಾತ್ರೆ ನುಂಗಿ ನಡುರಾತ್ರಿ ಬಚ್ಚಲಿಗೆ ಎದ್ದಾಗ ಬಿದ್ದು ಸೊಂಟ ಮುರಿದುಕೊಂಡದ್ದನ್ನು ಎಕ್ಸ್‌ರೇ ರೂಮಿನಲ್ಲಿ ಬೇಕಾದಷ್ಟು ನೋಡಿದ್ದೇನೆ. ಡಾಕ್ಟರನ್ನು ಕೇಳದೆ ದಯವಿಟ್ಟು ಮಾತ್ರೆ ತಗೋಬೇಡಿ. ಜೋರು ಗೊರಕೆ ಬಂದು ನಡುನಡುವೆ ಉಸಿರು ಕಟ್ಟಿದಂತಾಗುವವರಿಗೆ ಅದಕ್ಕೇ ಬೇರೆ ಚಿಕಿತ್ಸೆ ಇದೆ.

ಮಕ್ಕಳ ಬಗ್ಗೆ ಎರಡು ಮಾತು. ಹುಡುಗಿಯರಿಗೆ 18, ಹುಡುಗರಿಗೆ 20 ವರ್ಷ ಆಗುವ ಹೊತ್ತಿಗೆ ಜೀವನದಲ್ಲಿ ಗಳಿಸುವ ಮೂಳೆಯ ಸುಮಾರು ಶೇ 90ರಷ್ಟನ್ನು ಗಳಿಸಿ ಆಗಿರುತ್ತದೆ. ಮುಂದಿನ ಐವತ್ತು ಅರವತ್ತು ವರ್ಷ ಆ ಗಂಟನ್ನೇ ಕರಗಿಸುತ್ತಾ ಬದುಕುವುದು. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಎಂದು ನಿದ್ದೆಯ ತಜ್ಞರು ಹೇಳುತ್ತಾರೆ. ಪರೀಕ್ಷೆಗೆ ರಾತ್ರಿ 1 ಗಂಟೆಯ ತನಕ ಓದಿಸಿ ಬೆಳಿಗ್ಗೆ 5ಕ್ಕೆ ಎಬ್ಬಿಸುವ ತಂದೆ ತಾಯಿಗೆ ಇದು ತಲುಪಲಿ. ನಾನೂ ನನ್ನ ಮಗಳನ್ನು ಹಾಗೇ ಎಬ್ಬಿಸಿದ್ದೆ. ಈಗ ಅದನ್ನು ನೆನೆದರೆ ಬೇಜಾರಾಗುತ್ತದೆ.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಮೂಳೆ ಪರೀಕ್ಷೆ ಮಾಡುವ ಎಲ್ಲ ಕಡೆ ಫಾರಂನಲ್ಲಿ ಒಂದು ಸಾಲು ಸೇರಿಸಿ. ರಾತ್ರಿ ಎಷ್ಟು ಗಂಟೆ ನಿದ್ದೆ, ನಡುವೆ ಎಷ್ಟು ಸಲ ಏಳುತ್ತೀರಿ, ರಾತ್ರಿ ಪಾಳಿ ಎಷ್ಟು ವರ್ಷ ಮಾಡಿದ್ದೀರಿ. ಬರೆಯಲು ಅರ್ಧ ನಿಮಿಷ ಸಾಕು. ದೊಡ್ಡವರಿಗೆ ಕನಿಷ್ಠ 7 ಗಂಟೆ ಬೇಕು ಅನ್ನುವುದು ಡಾಕ್ಟರುಗಳಿಗೆ ಗೊತ್ತೇ ಇದೆ. 3 ಗಂಟೆ ಎಂದು ಬರೆದದ್ದು ಕಣ್ಣಿಗೆ ಬಿದ್ದರೆ ಅವರು ಯಾಕೆ ಎಂದಾದರೂ ಕೇಳುತ್ತಾರೆ.

ಡ್ಯೂಟಿ ಪಟ್ಟಿ ಹಾಕುವವರಿಗೂ ಒಂದು ಕೋರಿಕೆ. ರಾತ್ರಿ ಕೆಲಸ ಯಾರಾದರೂ ಮಾಡಲೇಬೇಕು, ಗೊತ್ತು. ಆದರೆ ಬೆಳಿಗ್ಗೆ, ಆಮೇಲೆ ಸಂಜೆ, ಆಮೇಲೆ ರಾತ್ರಿ ಎಂದು ಪಾಳಿ ಮುಂದಕ್ಕೆ ಸರಿದರೆ ಮೈ ಹೊಂದಿಕೊಳ್ಳುತ್ತದೆ. ಹಿಂದಕ್ಕೆ ಸರಿದರೆ ಕಷ್ಟ. ಸತತ ಏಳು ರಾತ್ರಿ ಹಾಕಬೇಡಿ. ನಾವು ಕೆಲಸ ಮಾಡಿದ ಕಾಲದಲ್ಲಿ ಇದನ್ನು ಕೇಳಿದರೆ ಸೋಮಾರಿ ಅನ್ನುತ್ತಿದ್ದರು. ಆಗ ಸುಮ್ಮನಿದ್ದೆ. ಈಗ ಎಕ್ಸ್‌ರೇ ರೂಮಿಗೆ ಸೇರುವ ಹುಡುಗಿಯರಿಗೂ 23, 24 ವರ್ಷ. ಅವರ ಪರವಾಗಿ ಕೇಳುತ್ತಿದ್ದೇನೆ.

ಗಂಡನನ್ನು ನೋಡಿಕೊಳ್ಳುತ್ತಿದ್ದ ಆ ಹೆಂಗಸಿನ ಟಿ ಸ್ಕೋರ್ ಬೆನ್ನಿನಲ್ಲಿ ಮೈನಸ್ 2.8 ಇತ್ತು. ವರದಿಯ ಕೆಳಗೆ ನಿದ್ದೆಯ ವಿಷಯವನ್ನು ಕೈಯಲ್ಲಿ ಬರೆದು ಕಳಿಸಿದೆ. ಡಾಕ್ಟರು ಅದನ್ನು ಓದಿ, ಔಷಧಿ ಬರೆದು, ಹೊರಗೆ ಕೂತಿದ್ದ ಮಗನನ್ನು ಒಳಗೆ ಕರೆದು ಮಾತಾಡಿದರಂತೆ. 1 ಗಂಟೆ ಮತ್ತು 3 ಗಂಟೆಯ ಅಲಾರಂ ಈಗ ಮಗನ ಫೋನಿನಲ್ಲಿದೆ. ಮುಂದಿನ ವರ್ಷ ಅವರು ಮತ್ತೆ ಪರೀಕ್ಷೆಗೆ ಬರಬೇಕು.

ಹೊಸ ಫಾರಂ ಅಚ್ಚು ಮಾಡಿಸುವಾಗ ಈ ಸಾಲು ಸೇರಿಸಿ ಎಂದು ನಮ್ಮ ಮುಖ್ಯಸ್ಥರಿಗೆ ಬರೆದುಕೊಟ್ಟಿದ್ದೇನೆ. ಆಗಲಿ ಅಂದಿದ್ದಾರೆ. ಹಳೆಯ ಫಾರಂ ಇನ್ನೂ ಅರ್ಧ ಕಟ್ಟು ಉಳಿದಿದೆ. ಅದು ಮುಗಿಯುವ ತನಕ ದಿನಾ ಬೆಳಿಗ್ಗೆ ಮೊದಲ ರೋಗಿ ಬರುವ ಮುಂಚೆ, ಅವತ್ತಿಗೆ ಬೇಕಾದಷ್ಟು ಫಾರಂಗಳ ಕೆಳಗೆ ಪೆನ್ನಿನಲ್ಲಿ ನಾನೇ ಬರೆದಿಡುತ್ತಿದ್ದೇನೆ: ರಾತ್ರಿ ಎಷ್ಟು ಗಂಟೆ ನಿದ್ದೆ?

ಇಂತಿ,
ನಿಮ್ಮ ಪತ್ರಿಕೆಯ ಓದುಗಾರ್ತಿ,
ಒಬ್ಬ ಡೆಕ್ಸಾ ಟೆಕ್ನಿಷಿಯನ್